ಕಂಟ್ರೋಲರಿಗೊಂದು ಕಾಗುಣಿತ

2002ರಲ್ಲಿ ಜಪಾನಿನ ಅಂಗಡಿಗಳಿಗೆ ಒಂದು ವಿಚಿತ್ರ ಸಾಧನ ಬಂತು. ನಿಂಟೆಂಡೊ ಗೇಮ್‌ಕ್ಯೂಬಿನ ಕಂಟ್ರೋಲರನ್ನು ನಟ್ಟನಡುವೆ ಸೀಳಿ, ಎಡಗೈ ಹಿಡಿಕೆಯನ್ನು ಒಂದು ತುದಿಗೂ ಬಲಗೈ ಹಿಡಿಕೆಯನ್ನು ಇನ್ನೊಂದು ತುದಿಗೂ ಸರಿಸಿ, ನಡುವೆ ಉದ್ದನೆಯ ಕೀಬೋರ್ಡ್ ಕೂರಿಸಿದ ಹಾಗಿತ್ತು ಅದು. ಆಸ್ಕಿ ಎಂಬ ಕಂಪನಿ ಅದನ್ನು ತಯಾರಿಸಿದ್ದು ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಆಡುವವರಿಗಾಗಿ. ರಾಕ್ಷಸರ ಜೊತೆ ಕಾದಾಡಲು ಹಿಡಿಕೆ ಬೇಕು, ಜೊತೆಗಾರರ ಜೊತೆ ಮಾತಾಡಲು ಕೀಬೋರ್ಡ್ ಬೇಕು. ಎರಡರಲ್ಲಿ ಯಾವುದನ್ನೂ ಬಿಡಲಾಗದೆ ಎರಡನ್ನೂ ಒಂದಾಗಿ ಬೆಸೆದಿದ್ದರು.

ಈ ಅಂಕಣದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದರಲ್ಲಿ ಅದೇ ಬೆಸುಗೆಯ ಸಂಕಟ ಇವತ್ತಿಗೂ ಇದೆ. ದಿನವಿಡೀ ಆಫೀಸಿನಲ್ಲಿ ಕೀಬೋರ್ಡ್ ಕುಟ್ಟಿ ಮನೆಗೆ ಬಂದವರು ರಾತ್ರಿ ಒಂದೆರಡು ಗಂಟೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟ ಆಡಬೇಕೆಂದರೆ ಮತ್ತೆ ಅದೇ ಮೇಜಿನ ಮುಂದೆ ಬೆನ್ನು ಬಗ್ಗಿಸಬೇಕೆ? ಗೋಡೆಗೆ ದಿಂಬು ಕೊಟ್ಟು ಒರಗಿ, ಕಂಟ್ರೋಲರ್ ಹಿಡಿದು ಆಡಲು ಬರುವುದಿಲ್ಲವೆ? ನೂರಕ್ಕೂ ಹೆಚ್ಚು ಕೀಗಳ ಕೆಲಸವನ್ನು ಅಷ್ಟು ಕಡಿಮೆ ಗುಂಡಿಗಳು ಹೇಗೆ ಹೊರುತ್ತವೆ?

ಬರುತ್ತದೆ. ಈ ಅಂಕಣಕಾರ ಹಲವು ವರ್ಷಗಳಿಂದ ಹಾಗೆಯೇ ಆಡುತ್ತಿದ್ದಾನೆ. ಗುಂಡಿ ಎಷ್ಟಿವೆ ಎಂಬುದಕ್ಕಿಂತ ಅವನ್ನು ಹೇಗೆ ಜೋಡಿಸಲಾಗಿದೆ ಎಂಬುದೇ ಇಲ್ಲಿ ದೊಡ್ಡದು ಎನ್ನುವುದು ಅವನಿಗೆ ಕಂಡ ಸಂಗತಿ. ಅದನ್ನು ಅರ್ಥ ಮಾಡಿಕೊಳ್ಳಲು ಕನ್ನಡಿಗರ ಬಳಿ ಒಂದು ಒಳ್ಳೆಯ ದಾರಿಯೂ ಇದೆ.

ಮೊದಲು, ಈ ಆಟಗಳು ಕೀಬೋರ್ಡಿಗೆ ಅಂಟಿಕೊಂಡದ್ದೇಕೆ ಎಂಬುದನ್ನು ನೋಡಬೇಕು. ಇವುಗಳ ಮೂಲಪುರುಷ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’. ಅದರಲ್ಲಿ ಚಿತ್ರವೇ ಇರಲಿಲ್ಲ. ಉತ್ತರಕ್ಕೆ ಹೋಗು, ಕತ್ತಿ ತೆಗೆದುಕೋ ಎಂದು ಟೈಪ್ ಮಾಡಬೇಕು, ಪರದೆಯ ಮೇಲೆ ಉತ್ತರ ಅಕ್ಷರಗಳಲ್ಲೇ ಮೂಡಬೇಕು. ನಡಿಗೆ, ಕಾಳಗ, ಹರಟೆ ಎಲ್ಲವೂ ಟೈಪಿಂಗೇ. 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’ ಬರುವ ಹೊತ್ತಿಗೆ ಚಿತ್ರ ಬಂತು, ಮೌಸ್ ಬಂತು, ಆದರೆ ಕೀಬೋರ್ಡ್ ಮಾತ್ರ ಕುಂತ ಜಾಗ ಬಿಟ್ಟು ಏಳಲಿಲ್ಲ. 2004ರ ನವೆಂಬರಿನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಪರದೆಯ ಕೆಳಗೆ ಸಾಲಾಗಿ ಕೂತ ಚೌಕಗಳನ್ನು ಎಣಿಸಿ ನೋಡಿ: ಹನ್ನೆರಡು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ 1ರಿಂದ 9, ಆಮೇಲೆ ಸೊನ್ನೆ, ಅದರ ಪಕ್ಕ ಇನ್ನೆರಡು ಚಿಹ್ನೆ, ಅವೂ ಹನ್ನೆರಡು. ಆ ಆಟದ ಪರದೆ ಕೀಬೋರ್ಡಿನ ನೆರಳು. ಇನ್ನೊಂದು ಸಾಲು ಬೇಕಾದರೆ ಶಿಫ್ಟ್ ಹಿಡಿ, ಮತ್ತೊಂದು ಬೇಕಾದರೆ ಕಂಟ್ರೋಲ್ ಹಿಡಿ. ಹೀಗೆ ಮೂವತ್ತು, ನಲವತ್ತು ಮಂತ್ರ, ಪೆಟ್ಟು, ಔಷಧಿ, ವಾಹನಗಳು ಬೆರಳ ತುದಿಗೆ ಬಂದು ಕೂರುತ್ತವೆ.

ಕಂಟ್ರೋಲರಿನಲ್ಲಿ ಏನಿದೆ? ಬಲ ಹೆಬ್ಬೆರಳಿಗೆ ನಾಲ್ಕು ಗುಂಡಿ. ಎಡ ಹೆಬ್ಬೆರಳಿಗೆ ಡಿ-ಪ್ಯಾಡಿನ ನಾಲ್ಕು ದಿಕ್ಕು. ತೋರುಬೆರಳುಗಳಿಗೆ ಮುಂಭಾಗದಲ್ಲಿ ಎರಡು ಭುಜದ ಗುಂಡಿ, ಎರಡು ಟ್ರಿಗರ್. ನಡೆಯಲು, ನೋಟ ತಿರುಗಿಸಲು ಇರುವ ಎರಡು ಸ್ಟಿಕ್‌ಗಳನ್ನೇ ಅದುಮಿದರೆ ಎರಡು, ನಡುವೆ ಮೆನುವಿಗೆಂದು ಎರಡು. ಒಟ್ಟು ಹದಿನಾರು. ಅವುಗಳಲ್ಲೂ ನೆಗೆಯಲು ಒಂದು, ಗುರಿ ಹಿಡಿಯಲು ಒಂದು, ನಕ್ಷೆಗೆ ಒಂದು ಎಂದು ಕಳೆದರೆ ಉಳಿಯುವುದು ಬೆರಳೆಣಿಕೆ.

ಇಲ್ಲಿ ಕನ್ನಡ ಟೈಪಿಂಗನ್ನು ನೆನೆಸಿಕೊಳ್ಳಿ. ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಕೀಬೋರ್ಡಿನಲ್ಲಿ ನಮ್ಮ ವರ್ಣಮಾಲೆ, ಅದರ ಕಾಗುಣಿತ, ಅದರ ಮೇಲೆ ಒತ್ತಕ್ಷರ, ಇಷ್ಟೆಲ್ಲ ಹಿಡಿಸುವುದು ಹೇಗೆ ಎಂಬ ಪ್ರಶ್ನೆಗೆ ಕೆ.ಪಿ. ರಾವ್ ಕೊಟ್ಟ ಉತ್ತರವನ್ನು ‘ನುಡಿ’ ತಂತ್ರಾಂಶ ಬಳಸುವ ಪ್ರತಿಯೊಬ್ಬರ ಬೆರಳೂ ಬಲ್ಲದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಖ. ಬಿ ಒತ್ತಿದರೆ ಬ, ಶಿಫ್ಟ್ ಜೊತೆಗೆ ಭ. ಎಫ್ ಎಂಬ ಕೀ ತಾನಾಗಿ ಯಾವ ಅಕ್ಷರವನ್ನೂ ಮೂಡಿಸದೆ ಹಿಂದಿನ ವ್ಯಂಜನವನ್ನು ಮುಂದಿನದಕ್ಕೆ ಕಟ್ಟುತ್ತದೆ. ಎ, ಎಮ್, ಎಫ್, ಎಮ್ ಎಂದು ಒತ್ತಿದರೆ ‘ಅಮ್ಮ’. ಪ್ರತಿ ಅಕ್ಷರಕ್ಕೂ ಒಂದು ಕೀ ಎಂದು ಹೊರಟಿದ್ದರೆ ನೂರಾರು ಕೀಗಳ ಮೇಜೇ ಬೇಕಾಗುತ್ತಿತ್ತು. ಅಲ್ಪಪ್ರಾಣ-ಮಹಾಪ್ರಾಣಗಳು ಜೋಡಿ ಎಂಬ ನಮ್ಮ ಭಾಷೆಯ ಒಳಕ್ರಮವನ್ನೇ ಕೀಬೋರ್ಡಿಗೆ ಇಳಿಸಿದ್ದರಿಂದ ಕೀಗಳು ಸಾಕಾದವು, ನೆನಪಿಡುವುದೂ ಸುಲಭವಾಯಿತು.

ಕಂಟ್ರೋಲರಿಗೂ ಬೇಕಾದದ್ದು ಇಂಥದೇ ಒಂದು ಕಾಗುಣಿತ. ಅದನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಬರೆದದ್ದು ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯ ‘ಫೈನಲ್ ಫ್ಯಾಂಟಸಿ 14’.

ಆ ಕಂಪನಿಗೆ ಈ ವಿಷಯದಲ್ಲಿ ಹಳೆಯ ಅನುಭವವಿತ್ತು. 2002ರ ಮೇ ತಿಂಗಳಲ್ಲಿ ‘ಫೈನಲ್ ಫ್ಯಾಂಟಸಿ 11’ ಮೊದಲು ಬಂದದ್ದು ಪಿಸಿಗಲ್ಲ, ಪ್ಲೇಸ್ಟೇಷನ್ 2ಕ್ಕೆ. ಅದರಲ್ಲಿ ಎಡ ಟ್ರಿಗರ್ ಒತ್ತಿ ಹಿಡಿದರೆ ಹತ್ತು ಆಜ್ಞೆಗಳ ಒಂದು ಸಾಲು ಮೂಡುತ್ತಿತ್ತು, ಬಲದ್ದು ಹಿಡಿದರೆ ಇನ್ನೊಂದು ಸಾಲು. ಆಮೇಲೆ ಬದಿಗೆ ಸರಿಯುತ್ತಾ ಹೋಗಿ ಬೇಕಾದ್ದನ್ನು ಆರಿಸಬೇಕು. ನಿಧಾನದ ಕಾಳಗಕ್ಕೆ ಅದು ಸಾಕಿತ್ತು. ಮುಂದೆ 2010ರ ಸೆಪ್ಟೆಂಬರಿನಲ್ಲಿ ‘ಫೈನಲ್ ಫ್ಯಾಂಟಸಿ 14’ರ ಮೊದಲ ರೂಪ ಬಂದು ಕೆಟ್ಟದಾಗಿ ಸೋತಿತು. ಅದೇ ವರ್ಷ ಡಿಸೆಂಬರಿನಲ್ಲಿ ನಾವೊಕಿ ಯೋಶಿದಾ ಅದರ ಹೊಣೆ ಹೊತ್ತರು. ಹಳೆಯ ಆಟವನ್ನು 2012ರ ನವೆಂಬರಿನಲ್ಲಿ ಮುಚ್ಚಿ, ಹೊಸದಾಗಿ ಕಟ್ಟಿ, 2013ರ ಆಗಸ್ಟಿನಲ್ಲಿ ‘ಎ ರೆಲ್ಮ್ ರೀಬಾರ್ನ್’ ಎಂಬ ಹೆಸರಿನಲ್ಲಿ ಪಿಸಿಗೂ ಪ್ಲೇಸ್ಟೇಷನ್ 3ಕ್ಕೂ ಒಟ್ಟಿಗೇ ಬಿಟ್ಟರು. ಎರಡೂ ಕಡೆಯವರು ಆಡುವುದು ಒಂದೇ ಲೋಕದಲ್ಲಿ. ಸೋಫಾದ ಮೇಲೆ ಪ್ಯಾಡ್ ಹಿಡಿದು ಕೂತವನೂ ಮೇಜಿನ ಮುಂದೆ ಕೀಬೋರ್ಡ್ ಹಿಡಿದವನೂ ಒಂದೇ ತಂಡದಲ್ಲಿ ಒಂದೇ ರಾಕ್ಷಸನ ಎದುರು ನಿಲ್ಲಬೇಕು. ಪ್ಯಾಡಿನವನು ಹಿಂದೆ ಬಿದ್ದರೆ ಇಡೀ ತಂಡ ಸಾಯುತ್ತದೆ. ಹಾಗಾಗಿ ಕಂಟ್ರೋಲರನ್ನು ಉಪಚಾರಕ್ಕೆ ಸೇರಿಸಿ ಬಿಡುವಂತಿರಲಿಲ್ಲ, ಅದಕ್ಕೆಂದೇ ಪರದೆಯನ್ನು ಬೇರೆ ರೀತಿ ಬಿಡಿಸಬೇಕಾಯಿತು.

ಅದರ ಹೆಸರು ಕ್ರಾಸ್ ಹಾಟ್‌ಬಾರ್. ಪರದೆಯ ಕೆಳಗೆ ಹನ್ನೆರಡರ ಸಾಲಿನ ಬದಲು ಶಿಲುಬೆಯಾಕಾರದ ಗುಂಪುಗಳು. ಎಡ ಟ್ರಿಗರ್ ಹಿಡಿದರೆ ಎಡಗಡೆಯ ಎಂಟು ಚೌಕ ಬೆಳಗುತ್ತವೆ: ನಾಲ್ಕು ಡಿ-ಪ್ಯಾಡಿನ ಆಕಾರದಲ್ಲಿ, ನಾಲ್ಕು ಬಲಗೈ ಗುಂಡಿಗಳ ಆಕಾರದಲ್ಲಿ. ಬಲ ಟ್ರಿಗರ್ ಹಿಡಿದರೆ ಬಲಗಡೆಯ ಎಂಟು. ಎಡದ್ದನ್ನು ಹಿಡಿದು ಬಲದ್ದನ್ನೂ ಸೇರಿಸಿದರೆ ಮತ್ತೆಂಟು, ಬಲದ್ದನ್ನು ಮೊದಲು ಹಿಡಿದು ಎಡದ್ದನ್ನು ಸೇರಿಸಿದರೆ ಇನ್ನೆಂಟು. ಟ್ರಿಗರನ್ನು ಎರಡು ಸಲ ಬೇಗ ಬೇಗ ಒತ್ತಿದರೆ ಎಡಕ್ಕೆಂಟು, ಬಲಕ್ಕೆಂಟು. ಲೆಕ್ಕ ಹಾಕಿದರೆ ನಲವತ್ತೆಂಟು. ಪುಟ ತಿರುವದೆ, ಮೆನು ತೆರೆಯದೆ, ಕಣ್ಣು ಕೆಳಗಿಳಿಸದೆ ನಲವತ್ತೆಂಟು ಸ್ಕಿಲ್‌ಗಳು.

ಚೌಕಗಳ ಆಕಾರವೇ ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಪರದೆಯಲ್ಲಿ ಚಿತ್ರ ಎಲ್ಲಿದೆಯೋ ಕೈಯಲ್ಲಿ ಗುಂಡಿಯೂ ಅಲ್ಲೇ ಇದೆ. ಮೇಲಿನ ಚೌಕಕ್ಕೆ ಮೇಲಿನ ಗುಂಡಿ. ಕೀಬೋರ್ಡಿನ ಸಾಲಿನಲ್ಲಿ ಏಳನೆಯ ಚೌಕಕ್ಕೆ ಏಳು ಎಂದು ಓದಿ ಹುಡುಕುವ ಕೆಲಸ ಇಲ್ಲಿಲ್ಲ. ಶುರುವಿನ ಒಂದೆರಡು ವಾರ ಬೆರಳು ತಡವರಿಸುತ್ತದೆ. ಆಮೇಲೆ, ನುಡಿಯಲ್ಲಿ ‘ಅಮ್ಮ’ ಟೈಪ್ ಮಾಡುವಾಗ ಎಫ್ ಒತ್ತಿದ್ದು ಗೊತ್ತೇ ಆಗದಂತೆ, ಟ್ರಿಗರ್ ಹಿಡಿದದ್ದೂ ಗೊತ್ತಾಗುವುದಿಲ್ಲ.

ಅಷ್ಟಾದರೂ ಹೆಬ್ಬೆರಳುಗಳು ಎರಡೇ. ವೇಗ ಸಾಲುತ್ತದೆಯೆ ಎಂಬ ಅನುಮಾನ ನ್ಯಾಯವಾದದ್ದು. ಈ ಆಟಗಳ ಒಳಗೆ ಒಂದು ತಾಳವಿದೆ. ಆಟಗಾರರು ಅದನ್ನು ಗ್ಲೋಬಲ್ ಕೂಲ್‌ಡೌನ್ ಎನ್ನುತ್ತಾರೆ. ಒಂದು ಮುಖ್ಯ ಪೆಟ್ಟು ಹೊಡೆದ ಮೇಲೆ ಇನ್ನೊಂದಕ್ಕೆ ಕಾಯಬೇಕಾದ ಕನಿಷ್ಠ ಹೊತ್ತು ಅದು. ‘ವಾರ್‌ಕ್ರಾಫ್ಟ್’ನಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಕೆಂಡು, ‘ಫೈನಲ್ ಫ್ಯಾಂಟಸಿ 14’ರಲ್ಲಿ ಎರಡೂವರೆ. ಎರಡು ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಚಿಕ್ಕ ಸ್ಕಿಲ್ ಒಂದನ್ನೋ ಎರಡನ್ನೋ ತೂರಿಸುವುದು ಅಲ್ಲಿನ ಚತುರತೆ. ಎರಡೂವರೆ ಸೆಕೆಂಡಿನಲ್ಲಿ ಮೂರು ಗುಂಡಿ ಒತ್ತಲು ಹೆಬ್ಬೆರಳಿಗೆ ಕಷ್ಟವೇನಿಲ್ಲ. ಬೆರಳು ಎಷ್ಟು ಓಡಿದರೂ ಆಟ ತನ್ನ ತಾಳ ಬಿಟ್ಟು ಓಡುವುದಿಲ್ಲವಾದ್ದರಿಂದ, ಈ ಜಾತಿಯ ಆಟದಲ್ಲಿ ಕೀಬೋರ್ಡಿನವರಿಗೆ ವೇಗದ ಲಾಭ ಜನ ಅಂದುಕೊಂಡಷ್ಟಿಲ್ಲ.

ಸ್ಕಿಲ್‌ಗಳ ಸಂಖ್ಯೆಯನ್ನೇ ಇಳಿಸುವುದು ಇನ್ನೊಂದು ದಾರಿ. 2014ರಲ್ಲಿ ಪಿಸಿಗೆ, 2015ರಲ್ಲಿ ಕನ್ಸೋಲುಗಳಿಗೆ ಬಂದ ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಹಾಗೆ ಮಾಡಿತು. ಐದು ಸ್ಕಿಲ್, ಒಂದು ಮಹಾಸ್ತ್ರ. ಆಯುಧ ಬದಲಿಸಿದರೆ ಮತ್ತೆ ಅಷ್ಟೇ. ಕಂಟ್ರೋಲರ್ ಹೊಸತಾಗಿ ಕೊಂಡವರು ಮೊದಲು ಹತ್ತಬೇಕಾದ ಮೆಟ್ಟಿಲು ಇದು ಎಂಬುದು ಈ ಅಂಕಣಕಾರನ ಅಭಿಪ್ರಾಯ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಕತೆ ಬೇರೆ. ಅದು ಕಂಟ್ರೋಲರನ್ನು ವರ್ಷಗಟ್ಟಲೆ ಕಣ್ಣೆತ್ತಿ ನೋಡಲಿಲ್ಲ. ಆಟಗಾರರೇ ‘ಕನ್ಸೋಲ್‌ಪೋರ್ಟ್’ ಎಂಬ ಆಡ್‌ಆನ್ ಬರೆದುಕೊಂಡರು. ಟ್ರಿಗರುಗಳನ್ನು ಶಿಫ್ಟ್ ಮತ್ತು ಕಂಟ್ರೋಲ್ ಕೀಗಳಂತೆ ನಟಿಸುವಂತೆ ಮಾಡಿ, ಕ್ರಾಸ್ ಹಾಟ್‌ಬಾರಿನಂಥದೇ ಜೋಡಣೆಯನ್ನು ಪರದೆಗೆ ತಂದರು. ಮೊದಮೊದಲು ಅದಕ್ಕೆ ಹೊರಗಿನ ಇನ್ನೊಂದು ತಂತ್ರಾಂಶದ ಊರುಗೋಲು ಬೇಕಿತ್ತು. 2020ರಲ್ಲಿ ‘ಶ್ಯಾಡೋಲ್ಯಾಂಡ್ಸ್’ ಎಂಬ ವಿಸ್ತರಣೆಯ ಜೊತೆ ಬಂದ 9.0 ಆವೃತ್ತಿ ಕಂಟ್ರೋಲರನ್ನು ನೇರವಾಗಿ ಗುರುತಿಸತೊಡಗಿತು. ಆದರೂ ಬಾಗಿಲು ಅರ್ಧವೇ ತೆರೆದಿತ್ತು: ಚಾಟ್ ಪೆಟ್ಟಿಗೆಯಲ್ಲಿ ಆಜ್ಞೆ ಟೈಪ್ ಮಾಡಿ ಅದನ್ನು ಎಬ್ಬಿಸಬೇಕು, ಗುಂಡಿಗಳ ಜೋಡಣೆಗೆ ಮತ್ತೆ ಆ ಆಡ್‌ಆನ್‌ಗೇ ಮೊರೆ ಹೋಗಬೇಕು. 2022ರ ನವೆಂಬರಿನ ‘ಡ್ರ್ಯಾಗನ್‌ಫ್ಲೈಟ್’ ವಿಸ್ತರಣೆಯ ಹೊತ್ತಿಗೆ ಮೂರು ಒಳ್ಳೆಯ ಸೌಲಭ್ಯ ಬಂದವು. ಪಾತ್ರ ಮುಖ ಮಾಡಿ ನಿಂತ ಕಡೆ ಇರುವ ಶತ್ರುವನ್ನು ಆಟವೇ ಗುರಿಯಾಗಿ ಹಿಡಿಯುತ್ತದೆ. ಎದುರಿಗಿದ್ದವರನ್ನು ಮಾತಾಡಿಸಲು, ನೆಲದ ವಸ್ತು ಎತ್ತಲು ಒಂದೇ ಕೀ ಸಾಕು. ಸ್ಕಿಲ್ ಕೀಯನ್ನು ಪದೇ ಪದೇ ಕುಟ್ಟದೆ ಒತ್ತಿ ಹಿಡಿದರೂ ಆಗುತ್ತದೆ. ಇವು ದೈಹಿಕ ತೊಂದರೆ ಇರುವವರನ್ನು ನೆನೆದು ತಂದ ಸೌಲಭ್ಯಗಳು. ಕಂಟ್ರೋಲರ್ ಹಿಡಿದವರಿಗೂ ಅವೇ ಆಸರೆಯಾದವು.

ಆಟಕ್ಕೆ ಕಂಟ್ರೋಲರಿನ ಪರಿಚಯವೇ ಇಲ್ಲದಿದ್ದರೆ? ‘ಗಿಲ್ಡ್ ವಾರ್ಸ್ 2’ ಅಂಥದು. ಆಗ ಉಳಿಯುವುದು ವೇಷ ಹಾಕುವ ದಾರಿ. ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದಲ್ಲಿರುವ ಸ್ಟೀಮ್ ಇನ್‌ಪುಟ್ ವ್ಯವಸ್ಥೆಯಾಗಲಿ, ಜಾಯ್‌ಟುಕೀ, ಆ್ಯಂಟಿಮೈಕ್ರೋಎಕ್ಸ್‌ನಂಥ ಚಿಕ್ಕ ತಂತ್ರಾಂಶಗಳಾಗಲಿ ಮಾಡುವುದು ಒಂದೇ ಕೆಲಸ: ನೀವು ಕಂಟ್ರೋಲರಿನ ಗುಂಡಿ ಒತ್ತುತ್ತೀರಿ, ಆಟಕ್ಕೆ ಅದು ಕೀಬೋರ್ಡಿನ ಕೀಯಾಗಿ ತಲುಪುತ್ತದೆ. ಸ್ಟೀಮ್‌ನಲ್ಲಿ ಕೊಳ್ಳದ ಆಟವನ್ನೂ ಅದರ ಪಟ್ಟಿಗೆ ಸೇರಿಸಿ ಈ ಸೌಲಭ್ಯ ಪಡೆಯಬಹುದು. ಟ್ರಿಗರ್ ಹಿಡಿದಾಗ ಮಾತ್ರ ಗುಂಡಿಗಳ ಅರ್ಥ ಬದಲಾಗುವಂತೆ ಪದರಗಳನ್ನು ಕಟ್ಟಬಹುದು, ಅಂದರೆ ಕಾಗುಣಿತವನ್ನು ನಾವೇ ಬರೆದುಕೊಳ್ಳಬಹುದು.

ಈ ವೇಷದಲ್ಲಿ ಎರಡು ಕಡೆ ಬಣ್ಣ ಬಿಟ್ಟುಕೊಳ್ಳುತ್ತದೆ. ಒಂದು, ನಡಿಗೆ. ಸ್ಟಿಕ್ ಎಷ್ಟು ಬಾಗಿದೆ ಎಂಬುದನ್ನು ವಿಂಡೋಸಿನ ಎಕ್ಸ್‌ಇನ್‌ಪುಟ್ ವ್ಯವಸ್ಥೆ ಒಂದೊಂದು ದಿಕ್ಕಿಗೂ ಸೊನ್ನೆಯಿಂದ ಸುಮಾರು 32,767ರವರೆಗಿನ ಅಂಕಿಯಾಗಿ ತಿಳಿಸುತ್ತದೆ. ಮೆಲ್ಲಗೆ ಬಾಗಿಸಿದರೆ ಮೆಲ್ಲನೆ ನಡೆಯಬೇಕು, ಪೂರ್ತಿ ಬಾಗಿಸಿದರೆ ಓಡಬೇಕು. ಆದರೆ ಕೀಬೋರ್ಡಿನಲ್ಲಿ ಮುಂದೆ ನಡೆಯಲು ಒತ್ತುವ ಡಬ್ಲ್ಯೂ ಕೀಗೆ ಗೊತ್ತಿರುವುದು ಎರಡೇ ಸ್ಥಿತಿ: ಒತ್ತಿದೆ, ಒತ್ತಿಲ್ಲ. ಅಷ್ಟು ಸೂಕ್ಷ್ಮದ ಸ್ಟಿಕ್ ಎಂಟು ದಿಕ್ಕಿನ ಓಟಕ್ಕೆ ಇಳಿದುಬಿಡುತ್ತದೆ. ಕೈ ಬಿಟ್ಟಾಗಲೂ ಸ್ಟಿಕ್ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುವುದಿಲ್ಲವಾದ್ದರಿಂದ ನಡುವೆ ಒಂದಿಷ್ಟು ಜಾಗವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾರೆ. ಅದಕ್ಕೆ ಡೆಡ್ ಝೋನ್ ಎನ್ನುತ್ತಾರೆ. ಎಡ ಸ್ಟಿಕ್ಕಿಗೆ ಮೈಕ್ರೋಸಾಫ್ಟ್ ಸೂಚಿಸುವ ಅಳತೆ 7,849, ಸುಮಾರು ಕಾಲು ಭಾಗ. ಹಳೆಯ ಪ್ಯಾಡಿನಲ್ಲಿ ಪಾತ್ರ ತಾನೇ ತಾನಾಗಿ ಒಂದು ಕಡೆ ತೆವಳುತ್ತಿದ್ದರೆ ಪ್ಯಾಡ್ ಕೆಟ್ಟಿತೆಂದು ಎಸೆಯುವ ಮುನ್ನ ಈ ಅಂಕಿಯನ್ನು ಸ್ವಲ್ಪ ಹೆಚ್ಚಿಸಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಇನ್ನೊಂದು, ಮೌಸ್. ಬಲ ಸ್ಟಿಕ್ಕಿಗೆ ಮೌಸಿನ ವೇಷ ಹಾಕಬಹುದು, ಆದರೆ ಎರಡರ ಸ್ವಭಾವವೇ ಬೇರೆ. ಮೌಸ್ ಎಂದರೆ ಬೆರಳಿಟ್ಟು ‘ಇಲ್ಲಿ’ ಎಂದು ತೋರಿಸಿದ ಹಾಗೆ. ಸ್ಟಿಕ್ ಎಂದರೆ ಬಸ್ಸನ್ನು ಹಿಂದೆ ತೆಗೆಯುವಾಗ ಕಂಡಕ್ಟರ್ ‘ಬರಲಿ, ಬರಲಿ, ಹೋಲ್ಡಾನ್’ ಎಂದ ಹಾಗೆ. ಯಾವ ಕಡೆ, ಎಷ್ಟು ವೇಗ ಎಂದಷ್ಟೇ ಅದು ಹೇಳಬಲ್ಲದು. ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಹೇಳುವವರ ಜಾಣ್ಮೆ. ಆದ್ದರಿಂದ ಚೀಲದೊಳಗಿನ ನೂರು ಸಾಮಾನುಗಳಲ್ಲಿ ಒಂದನ್ನು ಎಳೆದು ಇನ್ನೊಂದು ಚೌಕಕ್ಕೆ ಹಾಕುವಂಥ ಕೆಲಸ ಸ್ಟಿಕ್ಕಿನಲ್ಲಿ ತಾಳ್ಮೆ ತಿನ್ನುತ್ತದೆ. ಕಂಟ್ರೋಲರಿಗೆಂದು ಕಟ್ಟಿದ ಆಟದಲ್ಲಿ ಡಿ-ಪ್ಯಾಡ್ ಒತ್ತಿದರೆ ಆಯ್ಕೆ ಚೌಕದಿಂದ ಚೌಕಕ್ಕೆ ಹಾರುತ್ತದೆ. ವೇಷದ ಆಟದಲ್ಲಿ ಆ ಹಾರುವಿಕೆ ಇಲ್ಲ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿವ ಕಂಪ್ಯೂಟರಿಗೆ ಎರಡು ಟಚ್‌ಪ್ಯಾಡ್, ಹಿಂಬದಿಗೆ ನಾಲ್ಕು ಹೆಚ್ಚುವರಿ ಗುಂಡಿ ಇಟ್ಟದ್ದು ಕೀಬೋರ್ಡ್-ಮೌಸಿಗೆಂದೇ ಹುಟ್ಟಿದ ಇಂಥ ಆಟಗಳಿಗೆ ತುಂಬ ಒದಗಿಬರುತ್ತದೆ.

ಕೊಳ್ಳುವವರಿಗೆ ಒಂದು ಸಣ್ಣ ಮಾತು. ಕೆಲವು ಪ್ಯಾಡುಗಳ ಬೆನ್ನಿನಲ್ಲಿ ಎಕ್ಸ್, ಡಿ ಎಂದು ಬರೆದ ಚಿಕ್ಕ ಸ್ವಿಚ್ ಇರುತ್ತದೆ. ಎಕ್ಸ್ ಎಂದರೆ 2005ರಲ್ಲಿ ಎಕ್ಸ್‌ಬಾಕ್ಸ್ 360 ಕಾಲಕ್ಕೆ ಬಂದ ಎಕ್ಸ್‌ಇನ್‌ಪುಟ್, ಡಿ ಎಂದರೆ ಅದಕ್ಕೂ ಹಿಂದಿನ ಡೈರೆಕ್ಟ್‌ಇನ್‌ಪುಟ್. ಹೊಸ ಆಟ ಪ್ಯಾಡನ್ನು ಗುರುತಿಸುತ್ತಿಲ್ಲ ಎಂದು ಗಾಬರಿಯಾದವರಲ್ಲಿ ಹಲವರ ಸ್ವಿಚ್ ಡಿ ಕಡೆ ವಾಲಿರುತ್ತದೆ.

ಕಂಟ್ರೋಲರ್ ನಿಜಕ್ಕೂ ಎಡವುವ ಜಾಗವೊಂದಿದೆ, ಅದು ಗುರಿ ಆರಿಸುವುದು. ಎಂಟು ಜನರ ತಂಡದಲ್ಲಿ ಗಾಯಗೊಂಡವರನ್ನು ಗುಣಪಡಿಸುವ ಹೀಲರ್ ಪಾತ್ರ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೌಸಿನವರು ಯಾರ ಹೆಸರಿನ ಮೇಲಾದರೂ ತಟ್ಟನೆ ಕ್ಲಿಕ್ಕಿಸುತ್ತಾರೆ. ‘ಫೈನಲ್ ಫ್ಯಾಂಟಸಿ 14’ರ ಪ್ಯಾಡಿನವರು ಡಿ-ಪ್ಯಾಡ್ ಮೇಲೆ-ಕೆಳಗೆ ಒತ್ತುತ್ತಾ ತಂಡದ ಪಟ್ಟಿಯಲ್ಲಿ ಇಳಿಯಬೇಕು, ಎಡಕ್ಕೆ-ಬಲಕ್ಕೆ ಒತ್ತಿದರೆ ಶತ್ರುಗಳ ನಡುವೆ ಸರಿಯಬೇಕು. ಐದನೆಯ ಹೆಸರಿಗೆ ಹೋಗಲು ನಾಲ್ಕೈದು ಒತ್ತು. ಇದಕ್ಕೆ ಅಲ್ಲಿನ ಹೀಲರುಗಳು ಕಂಡುಕೊಂಡ ಉಪಾಯ ಪಟ್ಟಿಯ ಕ್ರಮವನ್ನೇ ಬದಲಿಸುವುದು. ಹೆಚ್ಚು ಪೆಟ್ಟು ತಿನ್ನುವ ಟ್ಯಾಂಕುಗಳನ್ನು ತಮ್ಮ ಹೆಸರಿನ ಕೆಳಗೇ ತಂದಿಟ್ಟುಕೊಂಡರೆ ಒಂದೋ ಎರಡೋ ಒತ್ತಿನಲ್ಲಿ ಕೆಲಸವಾಗುತ್ತದೆ. ಈ ಅಂಕಣಕಾರ ಅಲ್ಲಿ ಆಡುವುದು ಹೀಲರನ್ನೇ. ಪಟ್ಟಿಯನ್ನು ಹಾಗೆ ಜೋಡಿಸಿಕೊಂಡ ದಿನದಿಂದ ಕೈಗೆ ಬಂದ ನೆಮ್ಮದಿ ಸಣ್ಣದಲ್ಲ.

ಎಡ ಹೆಬ್ಬೆರಳಿನ ಇಕ್ಕಟ್ಟು ಇದಕ್ಕೆ ಹತ್ತಿರದ್ದೇ. ನಡೆಯುವ ಸ್ಟಿಕ್ ಅದರದ್ದೇ, ಡಿ-ಪ್ಯಾಡೂ ಅದರದ್ದೇ. ಓಡುತ್ತಿರುವಾಗ ಡಿ-ಪ್ಯಾಡ್ ಒತ್ತಲು ಹೋದರೆ ಪಾತ್ರ ನಿಲ್ಲುತ್ತದೆ, ನಿಂತ ಜಾಗದಲ್ಲಿ ಬೆಂಕಿ ಬಿದ್ದಿರುತ್ತದೆ. ಹಾಗಾಗಿ ಕಾಗುಣಿತ ಬರೆಯುವಾಗ ಒಂದು ನಿಯಮವನ್ನು ಬಿಡಬಾರದು. ಓಡುತ್ತಾ ಬಳಸುವ ಸ್ಕಿಲ್‌ಗಳೆಲ್ಲ ಬಲ ಹೆಬ್ಬೆರಳಿನ ನಾಲ್ಕು ಗುಂಡಿಗಳಿಗೆ ಹೋಗಲಿ. ನಿಂತು ಬಳಸುವಂಥವು, ಅಪರೂಪದವು, ಕಾಳಗಕ್ಕೆ ಮುಂಚೆ ಹಾಕಿಕೊಳ್ಳುವಂಥವು ಡಿ-ಪ್ಯಾಡಿಗೆ ಹೋಗಲಿ. ಮಹಾಪ್ರಾಣದ ಹಾಗೆ ಜೋಡಿಗಳನ್ನೂ ಮಾಡಬಹುದು. ಒಬ್ಬರಿಗೆ ಹೊಡೆಯುವ ಪೆಟ್ಟು ಬಲ ಟ್ರಿಗರಿನ ಜೊತೆ ಯಾವ ಗುಂಡಿಯಲ್ಲಿದೆಯೋ, ಗುಂಪಿಗೆ ಹೊಡೆಯುವ ಅದರ ಅಣ್ಣ ಎಡ ಟ್ರಿಗರಿನ ಜೊತೆ ಅದೇ ಗುಂಡಿಯಲ್ಲಿರಲಿ. ಪಾತ್ರ ಬದಲಿಸಿದರೂ ಈ ಕ್ರಮ ಬದಲಾಗದಿದ್ದರೆ ಕೈಗೆ ಹೊಸ ಪಾಠ ಬೇಕಾಗುವುದಿಲ್ಲ. ಬೇರೆಯವರು ಹಂಚಿದ ಸಿದ್ಧ ಜೋಡಣೆಯನ್ನು ಇಳಿಸಿಕೊಂಡು ಒದ್ದಾಡುವವರನ್ನು ಈ ಅಂಕಣಕಾರ ಬಹಳ ಕಂಡಿದ್ದಾನೆ. ಒಂದು ಸಂಜೆ ಕೂತು ತಾವೇ ಬರೆದುಕೊಂಡ ಜೋಡಣೆ ಎಷ್ಟು ಒರಟಾಗಿದ್ದರೂ ಅದಕ್ಕಿಂತ ಬೇಗ ಕೈಗೆ ಹತ್ತುತ್ತದೆ.

ನಿಯಮದ ಭಯವನ್ನೂ ಹಲವರು ಹೇಳಿಕೊಳ್ಳುತ್ತಾರೆ: ವೇಷ ಹಾಕಿದರೆ ಖಾತೆ ರದ್ದಾಗುತ್ತದೆಯೆ? ಕಂಪನಿಗಳು ಮುನಿಯುವುದು ಯಾಂತ್ರೀಕರಣದ ಮೇಲೆ. ಒಂದು ಗುಂಡಿ ಒತ್ತಿದರೆ ಹತ್ತು ಸ್ಕಿಲ್ ತಾನಾಗಿ ಸಾಲಾಗಿ ಹೊರಡುವಂತೆ ಮಾಡಿದರೆ ಅದು ಆಟಗಾರನ ಬದಲು ಯಂತ್ರ ಆಡಿದ ಹಾಗೆ. ಒಬ್ಬರ ಒತ್ತನ್ನು ಒಂದೇ ಸಲ ಹಲವು ಖಾತೆಗಳಿಗೆ ಕಳಿಸುವ ತಂತ್ರಾಂಶವನ್ನು 2020ರ ನವೆಂಬರಿನಲ್ಲಿ ‘ವಾರ್‌ಕ್ರಾಫ್ಟ್’ನ ಕಂಪನಿ ಬ್ಲಿಝಾರ್ಡ್ ನಿಷೇಧಿಸಿದ್ದು ಇದೇ ಕಾರಣಕ್ಕೆ. ಒಂದು ಒತ್ತಿಗೆ ಒಂದೇ ಕೆಲಸ ಎಂಬ ಗೆರೆಯೊಳಗೆ ಇದ್ದುಕೊಂಡು, ಆಡುವ ಆಟದ ನಿಯಮಗಳನ್ನು ಒಮ್ಮೆ ಓದಿಕೊಂಡರೆ ಸಾಕು.

ಇಷ್ಟೆಲ್ಲ ಪಾಡು ಯಾಕೆ, ಕೀಬೋರ್ಡಿನಲ್ಲೇ ಆಡಬಾರದೆ ಎನ್ನುವವರಿಗೆ ಈ ಅಂಕಣಕಾರ ತನ್ನ ಬಲ ಮುಂಗೈ ತೋರಿಸುತ್ತಾನೆ. ಬರವಣಿಗೆಯೇ ಕಸುಬಾದವನಿಗೆ ಹಗಲೆಲ್ಲ ಟೈಪಿಂಗ್, ರಾತ್ರಿ ಮತ್ತೆ ಅದೇ ಕೈ, ಅದೇ ಭಂಗಿ. ಒಂದು ಮಳೆಗಾಲದಲ್ಲಿ ಮಣಿಕಟ್ಟಿನ ನೋವು ಲೋಟ ಎತ್ತಲೂ ಬಿಡದಷ್ಟು ಹೆಚ್ಚಿತು. ಆಟ ಬಿಡಬೇಕೇನೋ ಎಂದುಕೊಂಡಿದ್ದಾಗ ಕಂಟ್ರೋಲರ್ ಕೈಗೆ ಬಂತು. ಎರಡೂ ಕೈ ಮಡಿಲಲ್ಲಿ, ಮಣಿಕಟ್ಟು ನೇರ, ಭುಜ ಸಡಿಲ. ಕಂಟ್ರೋಲರಿಗೂ ಅದರದೇ ನೋವಿದೆ, ಹೆಬ್ಬೆರಳಿನ ಬುಡಕ್ಕೆ ಅದು ಕೂರುತ್ತದೆ. ಆದರೆ ಹಗಲು ದಣಿದ ಸ್ನಾಯುಗಳಿಗೆ ರಾತ್ರಿ ರಜೆ ಸಿಕ್ಕಿದ್ದು ಅವನಿಗೆ ದೊಡ್ಡದಾಗಿ ಕಂಡಿತು.

ಕೈಯ ಶಕ್ತಿಯೇ ಕ್ಷೀಣಿಸಿದವರಿಗೆ ಇದು ಇನ್ನೂ ಆಳದ ವಿಷಯ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿಗೆ ಡ್ಯೂಶೆನ್ ಎಂಬ ಸ್ನಾಯುಕ್ಷಯವಿತ್ತು. ಗಾಲಿಕುರ್ಚಿಯಲ್ಲಿ ಕೂತ ಆತ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಇಬೆಲಿನ್ ಎಂಬ ಹೆಸರಿನಲ್ಲಿ ಓಡಿದ, ಕಾದಾಡಿದ, ಗೆಳೆಯರ ಜಗಳ ಬಿಡಿಸಿದ. ರೋಗ ಮುಂದುವರಿದಂತೆ, ಬೆರಳುಗಳಲ್ಲಿ ಉಳಿದಿದ್ದ ಅಲ್ಪ ಚಲನೆಗೆ ತಕ್ಕ ಸಾಧನಗಳಿಂದ ಆಡಿದ. 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗನಿಗೆ ಗೆಳೆಯರೇ ಇಲ್ಲವೆಂದು ಕೊರಗಿದ್ದ ತಂದೆತಾಯಿಗೆ ಯುರೋಪಿನ ಹಲವು ಕಡೆಗಳಿಂದ ಇ-ಮೇಲ್ ಬಂದವು, ಆಟದ ಸಂಗಾತಿಗಳಲ್ಲಿ ಕೆಲವರು ಅಂತ್ಯಸಂಸ್ಕಾರಕ್ಕೆ ನಾರ್ವೆಗೇ ಬಂದರು. ಬೆಂಜಮಿನ್ ರೀ ನಿರ್ದೇಶಿಸಿದ 2024ರ ಸಾಕ್ಷ್ಯಚಿತ್ರ ಈ ಬದುಕನ್ನು ಹೇಳುತ್ತದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಬಂದದ್ದು ಆತ ಹೋದ ನಾಲ್ಕು ವರ್ಷಕ್ಕೆ, 2018ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಅಂಗೈಯಗಲದ ಎರಡು ಗುಂಡಿ, ಹಿಂದೆ ಸಾಲಾಗಿ 3.5 ಮಿ.ಮೀ. ಜಾಕ್‌ಗಳು. ಕಾಲಿನಿಂದಲೋ ಮೊಣಕೈಯಿಂದಲೋ ಗಲ್ಲದಿಂದಲೋ ಒತ್ತಬಲ್ಲ ಬೇರೆ ಬೇರೆ ಸ್ವಿಚ್‌ಗಳನ್ನು ಅವಕ್ಕೆ ಸಿಕ್ಕಿಸಬಹುದು. ಸೋನಿಯ ಆ್ಯಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ ಬಂತು. ಕೈಗೆ ಕಷ್ಟವಿರುವ ಮಕ್ಕಳ ಮನೆಯವರಿಗೆ ಈ ಸಾಧನಗಳ ಹೆಸರಾದರೂ ತಿಳಿದಿರಬೇಕು ಎಂದೇ ಇಲ್ಲಿ ಬರೆದದ್ದು.

ಇಬೆಲಿನ್‌ನ ಗೆಳೆತನಗಳೆಲ್ಲ ಚಾಟ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಸಾಲುಗಳಿಂದ ಕಟ್ಟಿದವು. ಕಂಟ್ರೋಲರಿನ ಕಾಗುಣಿತ ಎಷ್ಟೇ ಬೆಳೆದರೂ ಅದಕ್ಕೆ ಈ ಒಂದು ಕೆಲಸ ಒಲಿದಿಲ್ಲ. ಕನ್ಸೋಲಿನ ಆಟಗಳು ಇದನ್ನು ಮೊದಲಿನಿಂದಲೂ ಬಲ್ಲವು. 2000ದ ಡಿಸೆಂಬರಿನಲ್ಲಿ ಡ್ರೀಮ್‌ಕಾಸ್ಟಿಗೆ ಬಂದ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’, ಸಿದ್ಧ ವಾಕ್ಯಗಳನ್ನು ಆರಿಸಿದರೆ ಎದುರಿನವರ ಭಾಷೆಯಲ್ಲೇ ಅವು ಮೂಡುವಂತೆ ಮಾಡಿತ್ತು. ಚಿಕ್ಕ ಚಿಕ್ಕ ಆಕಾರಗಳಿಂದ ಮುಖ ಬಿಡಿಸಿ ಕಳಿಸುವ ದಾರಿಯನ್ನೂ ಇಟ್ಟಿತ್ತು. ಜಪಾನಿನವರೂ ಅಮೆರಿಕದವರೂ ಒಂದೇ ಲೋಕದಲ್ಲಿ ಆಡುತ್ತಿದ್ದ ‘ಫೈನಲ್ ಫ್ಯಾಂಟಸಿ 11’ರಲ್ಲೂ ಪಟ್ಟಿಯಿಂದ ಆರಿಸಿದ ಮಾತು ಇಬ್ಬರಿಗೂ ಅವರವರ ಭಾಷೆಯಲ್ಲಿ ಕಾಣುತ್ತಿತ್ತು. ‘ಜೊತೆಗೆ ಬರ್ತೀರಾ’, ‘ಧನ್ಯವಾದ’ ಎನ್ನಲು ಅದು ಸಾಕು. ಯಾರದೋ ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದ್ದಾರೆ ಎಂದು ಗೊತ್ತಾದಾಗ ಹೇಳಬೇಕಾದ ಮಾತು ಆ ಪಟ್ಟಿಯಲ್ಲಿ ಇರುವುದಿಲ್ಲ.

ಗೊತ್ತಿರುವ ಗೆಳೆಯರ ಗುಂಪು ಡಿಸ್ಕಾರ್ಡಿನಲ್ಲಿ ಮಾತಾಡುತ್ತಾ ಆಡಿಕೊಳ್ಳುತ್ತದೆ. ಅಪರಿಚಿತರ ತಂಡದಲ್ಲಿ ಆ ಅನುಕೂಲ ಇಲ್ಲ. ಈ ಅಂಕಣಕಾರ ಮಂಚದ ಪಕ್ಕದ ಸ್ಟೂಲಿನ ಮೇಲೆ ವೈರ್ ಇಲ್ಲದ ಪುಟ್ಟ ಕೀಬೋರ್ಡೊಂದನ್ನು ಇಟ್ಟುಕೊಂಡಿದ್ದಾನೆ. ಡಂಜನ್ ಮುಗಿದು, ಹೊಸಬರೊಬ್ಬರು ‘ಇಲ್ಲಿ ಯಾಕೆ ಸತ್ತೆ, ಯಾರಾದರೂ ಹೇಳ್ತೀರಾ’ ಎಂದು ಕೇಳಿದಾಗ ಕಂಟ್ರೋಲರನ್ನು ಮಡಿಲಿಗಿಟ್ಟು, ಕೀಬೋರ್ಡನ್ನು ಮೊಣಕಾಲ ಮೇಲೆಳೆದುಕೊಂಡು, ಎರಡೂ ಕೈಯಿಂದ ಉತ್ತರ ಬರೆಯುತ್ತಾನೆ. ಅಷ್ಟು ಹೊತ್ತು ಅವನ ಪಾತ್ರ ಸತ್ತ ರಾಕ್ಷಸನ ಪಕ್ಕ ಸುಮ್ಮನೆ ನಿಂತಿರುತ್ತದೆ, ಹೊಸಬರೂ ಕಾಯುತ್ತಾ ನಿಂತಿರುತ್ತಾರೆ.